ಕಾಸರಗೋಡಿನ ಚೌಕದಲ್ಲಿ ಯಾರ ಹೊಗೆ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಭೌತವಿಜ್ಞಾನ ಅಧ್ಯಾಪಕ. ವಿದ್ಯಾರ್ಥಿನಿಯೊಬ್ಬಳು ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಕಾಸರಗೋಡು ಪ್ರದೇಶದ ವಾಯುಮಾಲಿನ್ಯವನ್ನು ಗಣಕ ಮಾದರಿಯ ಮೂಲಕ ಲೆಕ್ಕ ಹಾಕಲು ಹೊರಟಿದ್ದಾಳೆ. ಅದಕ್ಕೆ ಬೇಕಾದ ಜಾಗತಿಕ ಎಮಿಷನ್ ಇನ್ವೆಂಟರಿಗಳಲ್ಲಿ, ಅಂದರೆ ಎಲ್ಲಿಂದ ಎಷ್ಟು ಮಾಲಿನ್ಯ ಹೊರಬರುತ್ತದೆಂಬ ಪಟ್ಟಿಗಳಲ್ಲಿ, ಎಡ್ಗರ್, ಸೆಡ್ಸ್ ಮತ್ತು ಎಚ್‌ಟ್ಯಾಪ್ ಎಂಬ ಮೂರನ್ನು ಇಳಿಸಿಕೊಂಡು ನೋಡಿದರೆ ಒಂದೇ ಜಾಗಕ್ಕೆ ಮೂರು ಅಂಕಿ ಬರುತ್ತವೆ. ಹೊಗೆಯ ಕಪ್ಪು ಮಸಿಯ ಲೆಕ್ಕದಲ್ಲಂತೂ ಅಂತರ ದೊಡ್ಡದು. ಯಾವುದನ್ನು ನಂಬಬೇಕು? ಜನವಸತಿಯೇ ಇಲ್ಲದ ಕಡಲಿನ ಮೇಲೆ ಗಂಧಕದ ಡೈಆಕ್ಸೈಡ್ ಕಾಣಿಸುವುದೇಕೆ? ಬೇಸಿಗೆಯುದ್ದಕ್ಕೂ ನಮ್ಮ ತೋಟಗಳಿಂದ ಏಳುವ ಹೊಗೆ ಇವುಗಳಲ್ಲಿ ಎಲ್ಲಿದೆ? ಅಂಕಿಗಳನ್ನು ನಾವೇ ತಿದ್ದಿಕೊಳ್ಳಬಹುದೆ? ಕೊನೆಯದಾಗಿ, ಎಂಡೋಸಲ್ಫಾನ್ ಕೀಟನಾಶಕ ಇಂಥ ಪಟ್ಟಿಗಳಲ್ಲಿ ಸೇರಿದೆಯೆ?

ಉತ್ತರ: ನೀವು ಇಳಿಸಿಕೊಂಡ ಮೂರೂ ಪಟ್ಟಿಗಳಲ್ಲಿ ಕಾಸರಗೋಡಿನಲ್ಲಿ ಅಳೆದು ಬರೆದ ಅಂಕಿ ಒಂದೂ ಇಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಭಾರತ ದೇಶಕ್ಕೆ ಒಟ್ಟಾಗಿ ಲೆಕ್ಕ ಹಾಕಿದ ಒಂದು ಮೊತ್ತವನ್ನು ಯಾವುದೋ ಒಂದು ಸೂಚಕದ (ಜನಸಂಖ್ಯೆ, ರಸ್ತೆ ಮುಂತಾದ) ಆಧಾರದಿಂದ ನಕ್ಷೆಯ ಸಾವಿರಾರು ಚೌಕಗಳಿಗೆ ಹಂಚಿದಾಗ ನಿಮ್ಮ ಪಾಲಿಗೆ ಬಂದದ್ದು ಆ ಅಂಕಿ. ಮೊತ್ತ ಸರಿಯಿದ್ದು ಹಂಚಿಕೆ ತಪ್ಪಿರಬಹುದು, ಹಂಚಿಕೆ ಸರಿಯಿದ್ದು ಮೊತ್ತ ತಪ್ಪಿರಬಹುದು. ಆದ್ದರಿಂದ ಮೂರರಲ್ಲಿ ಯಾವುದು ಸರಿ ಎಂದು ಒಟ್ಟಾಗಿ ಕೇಳುವ ಬದಲು, ಯಾವ ಅನಿಲಕ್ಕೆ, ಯಾವ ಮೂಲಕ್ಕೆ, ಎಷ್ಟು ದೊಡ್ಡ ಪ್ರದೇಶಕ್ಕೆ ಯಾವುದನ್ನು ನಂಬಬಹುದು ಎಂದು ಬಿಡಿಸಿ ಕೇಳಬೇಕಾಗುತ್ತದೆ.

ಲೆಕ್ಕದ ಕ್ರಮ ಮೂಲದಲ್ಲಿ ಸರಳವಾಗಿದೆ. ಒಂದು ವರ್ಷದಲ್ಲಿ ಎಷ್ಟು ಇಂಧನ ಉರಿಯಿತು ಎಂಬ ಚಟುವಟಿಕೆಯ ಅಂಕಿಯನ್ನು, ಒಂದು ಕಿಲೋ ಇಂಧನ ಉರಿದರೆ ಎಷ್ಟು ಮಾಲಿನ್ಯ ಹೊರಬರುತ್ತದೆ ಎಂಬ ಗುಣಾಂಕದಿಂದ ಗುಣಿಸಿ, ಶೋಧಕ ಯಂತ್ರಗಳು ತಡೆದ ಭಾಗವನ್ನು ಕಳೆಯುತ್ತಾರೆ. ಕಲ್ಲಿದ್ದಲಿನ ಗಂಧಕದ ವಿಷಯದಲ್ಲಿ ಈ ಕ್ರಮ ಚೆನ್ನಾಗಿ ನಡೆಯುತ್ತದೆ: ತೂಕದಲ್ಲಿ ಶೇಕಡಾ 0.5ರಷ್ಟು ಗಂಧಕವಿರುವ ಒಂದು ಟನ್ ಕಲ್ಲಿದ್ದಲಿನಲ್ಲಿ 5 ಕಿಲೋ ಗಂಧಕವಿರುತ್ತದೆ. ಗಂಧಕದ ಪರಮಾಣು ತೂಕ 32, ಅದರ ಡೈಆಕ್ಸೈಡಿನ ಅಣುತೂಕ 64 ಆದುದರಿಂದ, ಬೂದಿಯಲ್ಲಿ ಉಳಿಯುವ ಅಲ್ಪ ಭಾಗವನ್ನು ಬಿಟ್ಟರೆ, ಚಿಮಣಿಯಿಂದ ಸುಮಾರು 10 ಕಿಲೋ ಅನಿಲ ಹೊರಬರಲೇಬೇಕು. ಸ್ಥಾವರ ಎಷ್ಟು ಕಲ್ಲಿದ್ದಲು ಉರಿಸಿತು ಎಂಬುದು ಲೆಕ್ಕಪತ್ರದಲ್ಲಿ ಇದ್ದೇ ಇರುತ್ತದೆ. ಮಸಿಯ ಕಥೆ ಬೇರೆ. ಅದು ಇಂಧನದಲ್ಲಿ ಇರುವ ವಸ್ತುವಲ್ಲ, ಉರಿಯುವ ರೀತಿಯಿಂದ ಹುಟ್ಟುವ ವಸ್ತು. ಒಂದೇ ತೆಂಗಿನ ಮಡಲು ಒಣಗಿದ್ದಾಗ ಧಗಧಗ ಉರಿದರೆ ಒಂದು ಬಗೆ, ಹಸಿಯಾಗಿದ್ದು ಹೊಗೆಯಾಡಿದರೆ ಇನ್ನೊಂದು ಬಗೆ. ಉರಿಯಿಲ್ಲದೆ ಹೊಗೆಯಾಡುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಸಾವಯವ ಕಣಗಳು ಹೆಚ್ಚುತ್ತವೆ, ಕಪ್ಪು ಮಸಿಯೂ ನೈಟ್ರೋಜನ್ ಆಕ್ಸೈಡುಗಳೂ ಕಡಿಮೆಯಾಗುತ್ತವೆ. ಈ ಅನಿಶ್ಚಿತತೆ ಎಷ್ಟು ದೊಡ್ಡದೆಂದರೆ, ಟ್ಯಾಮಿ ಬಾಂಡ್ ಮತ್ತು ಸಹ ಸಂಶೋಧಕರು 2004ರಲ್ಲಿ ಪ್ರಕಟಿಸಿದ, ಇಂದಿಗೂ ಆಧಾರವಾಗಿರುವ ಲೆಕ್ಕದಲ್ಲಿ 1996ರ ಜಾಗತಿಕ ಕಪ್ಪು ಮಸಿಯ ಮೊತ್ತವನ್ನು 80 ಲಕ್ಷ ಟನ್ ಎಂದು ಕೊಟ್ಟು, ಅದರ ವ್ಯಾಪ್ತಿ 43 ಲಕ್ಷದಿಂದ 2.2 ಕೋಟಿ ಟನ್‌ವರೆಗೆ ಇರಬಹುದೆಂದು ಅವರೇ ಹೇಳಿದ್ದಾರೆ. ಇಡೀ ಜಗತ್ತಿಗೆ ಇಷ್ಟು ಅಂತರವಿರುವಾಗ ನಿಮ್ಮ ಕಡೆಯ ಮುಳ್ಳೇರಿಯಕ್ಕೆ ಮೂರು ಅಂಕಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಆ ಮೂರು ಪಟ್ಟಿಗಳ ನಂಟಸ್ತಿಕೆಯ ವಿಷಯ. ಎಡ್ಗರ್ ಯುರೋಪಿಯನ್ ಆಯೋಗದ ಜಂಟಿ ಸಂಶೋಧನಾ ಕೇಂದ್ರದ್ದು, ಇಟಲಿಯ ಇಸ್ಪ್ರಾದಲ್ಲಿ ಸಿದ್ಧವಾಗುತ್ತದೆ, 0.1 ಡಿಗ್ರಿ ಚೌಕಗಳಲ್ಲಿ ಸಿಗುತ್ತದೆ. ಸೆಡ್ಸ್ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ನೇತೃತ್ವದಲ್ಲಿ ಬೆಳೆದದ್ದು. 2018ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿ 1750ರಿಂದ 2014ರವರೆಗಿನ ಕಾಲವನ್ನು 0.5 ಡಿಗ್ರಿ ಚೌಕಗಳಲ್ಲಿ ಕೊಡುತ್ತದೆ. ಎಚ್‌ಟ್ಯಾಪ್ ಹಲವು ಪ್ರಾದೇಶಿಕ ಪಟ್ಟಿಗಳನ್ನು ಜೋಡಿಸಿ ಮಾಡಿದ ಸಂಕಲನ. ಅದರ ಎರಡನೆಯ ಆವೃತ್ತಿಯಲ್ಲಿ ಏಷ್ಯಾದ ಭಾಗ ಮಿಕ್ಸ್ ಎಂಬ ಪಟ್ಟಿಯಿಂದ ಬಂದಿದೆ, ಮೂರನೆಯದರಲ್ಲಿ ಜಪಾನಿನ ರಿಯಾಸ್ ಪಟ್ಟಿಯಿಂದ. ಮೂರಕ್ಕೂ ಇಂಧನ ಬಳಕೆಯ ಮೂಲ ಅಂಕಿಗಳು ಬಹುಪಾಲು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ದೇಶವಾರು ಕೋಷ್ಟಕಗಳಿಂದ ಬರುತ್ತವೆ. ಸೆಡ್ಸ್ ಹಲವು ಅನಿಲಗಳಿಗೆ ಎಡ್ಗರ್‌ನ ಅಂಕಿಗಳನ್ನು ಆರಂಭಬಿಂದುವಾಗಿ ಇಟ್ಟುಕೊಂಡಿದೆ. ಚೌಕಗಳಿಗೆ ಹಂಚುವಾಗ ಹಲವು ವಲಯಗಳಲ್ಲಿ ಎಡ್ಗರ್‌ನ ಹಳೆಯ ನಕ್ಷೆಗಳನ್ನೇ ಅಚ್ಚಾಗಿ ಬಳಸಿದೆ. ಹೀಗಿರುವಾಗ ಎರಡು ಪಟ್ಟಿಗಳ ಅಂಕಿ ಹೊಂದಿಕೆಯಾಯಿತು, ಆದ್ದರಿಂದ ಅದು ಸರಿ ಎಂದು ನಿಮ್ಮ ವಿದ್ಯಾರ್ಥಿನಿ ಪ್ರಬಂಧದಲ್ಲಿ ಬರೆದುಕೊಳ್ಳಬಾರದು. ಒಂದೇ ಸುರಂಗದ ನೀರನ್ನು ಎರಡು ಕೊಡಗಳಲ್ಲಿ ತುಂಬಿಸಿ ರುಚಿ ಹೋಲಿಸಿದಂತೆ ಆಗುತ್ತದೆ. ಪ್ರಕಟವಾಗುತ್ತಿರುವ ಎಷ್ಟೋ ಲೇಖನಗಳು ಈ ಹೊಂದಿಕೆಯನ್ನೇ ದೃಢೀಕರಣವೆಂದು ಮಂಡಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಅಂತರ ಕಂಡಾಗಲೂ ಅದು ನಿಜವಾದ ಅಂತರವೇ ಎಂದು ಮೊದಲು ನೋಡಬೇಕು. ನೈಟ್ರೋಜನ್ ಆಕ್ಸೈಡುಗಳನ್ನು ಕೆಲವು ಪಟ್ಟಿಗಳು ಡೈಆಕ್ಸೈಡಿನ ತೂಕವಾಗಿಯೂ ಕೆಲವು ಮಾನಾಕ್ಸೈಡಿನ ತೂಕವಾಗಿಯೂ ಬರೆಯುತ್ತವೆ. ಅಣುತೂಕಗಳು 46 ಮತ್ತು 30 ಆದುದರಿಂದ ಇದೊಂದೇ ಕಾರಣಕ್ಕೆ ಅಂಕಿ ಒಂದೂವರೆ ಪಟ್ಟು ಬೇರೆಯಾಗುತ್ತದೆ. ಸೆಡ್ಸ್‌ನ ಆ ಮೊದಲ ಆವೃತ್ತಿಯಲ್ಲಿ ಕಪ್ಪು ಮಸಿ, ಸಾವಯವ ಕಾರ್ಬನ್ ಎಂಬ ಎರಡು ಕಣಗಳಷ್ಟೇ ಇವೆ. ಎಡ್ಗರ್‌ನ ಪಿಎಂ 2.5ರ (2.5 ಮೈಕ್ರಾನಿಗಿಂತ ಚಿಕ್ಕ ಎಲ್ಲ ಕಣಗಳ) ಜೊತೆಗೆ ಅವುಗಳ ಮೊತ್ತವನ್ನು ಹೋಲಿಸಿದರೆ ಅರ್ಥವಿಲ್ಲ. ಸಾವಯವ ಕಾರ್ಬನ್ ಎಂಬುದು ಕಾರ್ಬನಿನ ತೂಕ ಮಾತ್ರ. ಅದಕ್ಕೆ ಅಂಟಿರುವ ಆಮ್ಲಜನಕ, ಜಲಜನಕ ಸೇರಿದ ಪೂರ್ಣ ತೂಕಕ್ಕೆ 1.4ರಿಂದ 2.1ರವರೆಗಿನ ಯಾವುದಾದರೊಂದು ಸಂಖ್ಯೆಯಿಂದ ಗುಣಿಸುವುದು ರೂಢಿ. ಹೊಲದಲ್ಲಿ ಪೈರಿನ ಉಳಿಕೆ ಸುಡುವುದನ್ನು ಎಡ್ಗರ್ ತನ್ನ ಕೃಷಿ ವಲಯದೊಳಗೆ ಸೇರಿಸುತ್ತದೆ, ಸೆಡ್ಸ್ ಹೊರಗಿಡುತ್ತದೆ. ನಿಮ್ಮ ಮಾದರಿಗೆ ಉಪಗ್ರಹ ಆಧಾರಿತ ಬೆಂಕಿಯ ಪಟ್ಟಿಯನ್ನೂ ಕೊಡುವುದಾದರೆ ಎಡ್ಗರ್ ಜೊತೆಗೆ ಒಂದೇ ಬೆಂಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇಷ್ಟನ್ನು ಸರಿಪಡಿಸಿದ ಮೇಲೆ ಉಳಿಯುವುದಷ್ಟೇ ನೈಜ ಭಿನ್ನಾಭಿಪ್ರಾಯ. ಹೆಚ್ಚಿನ ಪಟ್ಟಿಗಳು ಎಕ್ಕಾಡ್ ಎಂಬ ಒಂದೇ ಜಾಲತಾಣದಲ್ಲಿ ಸಿಗುವುದರಿಂದ ಹೋಲಿಕೆಯ ಕೆಲಸ ಈಗ ಮೊದಲಿಗಿಂತ ಸುಲಭ. ಆದರೆ ಕಡತದೊಳಗಿನ ಟಿಪ್ಪಣಿಯನ್ನು ಓದುವ ಕೆಲಸವನ್ನು ಯಾವ ಜಾಲತಾಣವೂ ನಮಗಾಗಿ ಮಾಡಿಕೊಡುವುದಿಲ್ಲ.

ಈಗ ನಿಮ್ಮ ಚೌಕಕ್ಕೆ ಬರೋಣ. ಕಾಸರಗೋಡು ಪಟ್ಟಣ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸೆಡ್ಸ್‌ನ ಅರ್ಧ ಡಿಗ್ರಿ ಚೌಕಗಳ ಗೆರೆಗಳು ಹಾದುಹೋಗುವುದೂ ಇದೇ ಸಂಖ್ಯೆಗಳ ಮೇಲೆ. ಅಂದರೆ ನಾಲ್ಕು ಚೌಕಗಳ ಮೂಲೆಗಳು ಕೂಡುವ ಬಿಂದುವಿನ ಮಗ್ಗುಲಲ್ಲೇ ಪಟ್ಟಣವಿದೆ. ವಾಯವ್ಯದ ಚೌಕದಲ್ಲಿ ಕುಂಬಳೆ, ಮಂಜೇಶ್ವರಗಳ ಜೊತೆಗೆ ಮಂಗಳೂರು ನಗರ, ಪಣಂಬೂರಿನ ಬಂದರು ಇವೆ. ಈಶಾನ್ಯದ್ದರಲ್ಲಿ ಬದಿಯಡ್ಕ, ವಿಟ್ಲ, ಪುತ್ತೂರು, ಸುಳ್ಯ. ಆಗ್ನೇಯದ್ದರಲ್ಲಿ ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರು, ಮತ್ತೆ ಘಟ್ಟದ ಏರು. ನೈಋತ್ಯದ ಚೌಕದಲ್ಲಿ ತೀರದ ಒಂದು ತೆಳು ಅಂಚನ್ನು ಬಿಟ್ಟರೆ ಉಳಿದದ್ದೆಲ್ಲ ಅರಬ್ಬೀ ಸಮುದ್ರ. ಈ ಅಕ್ಷಾಂಶದಲ್ಲಿ ಅರ್ಧ ಡಿಗ್ರಿಯ ಒಂದು ಚೌಕದ ವಿಸ್ತೀರ್ಣ ಸುಮಾರು 3,000 ಚದರ ಕಿಲೋಮೀಟರ್. ಕಾಸರಗೋಡು ಜಿಲ್ಲೆಯ ವಿಸ್ತೀರ್ಣ 2,000ಕ್ಕೂ ಸ್ವಲ್ಪ ಕಡಿಮೆ. ಹಾಗಾಗಿ ಹತ್ತಿರದ ಬಿಂದುವಿನ ಅಂಕಿಯನ್ನು ಎತ್ತಿಕೊಳ್ಳುವಂತೆ ಗಣಕಕ್ಕೆ ಹೇಳಿದರೆ, ನಿರ್ದೇಶಾಂಕದಲ್ಲಿ ಒಂದೆರಡು ಕಿಲೋಮೀಟರಿನ ವ್ಯತ್ಯಾಸವಾದರೂ ಕಾಸರಗೋಡಿಗೆ ಒಮ್ಮೆ ಮಂಗಳೂರಿನ ಹೊಗೆ, ಇನ್ನೊಮ್ಮೆ ಕಡಲಿನ ಹೊಗೆ ಬಂದು ಕೂರುತ್ತದೆ. ನಿಮ್ಮ ಮೂರು ಅಂಕಿಗಳ ಅಂತರದಲ್ಲಿ ಒಂದು ಪಾಲು ಇಲ್ಲಿಂದಲೇ ಬಂದಿರಬಹುದೆಂದು ನನ್ನ ಗುಮಾನಿ. ಎಡ್ಗರ್‌ನ ಚೌಕ ಸುಮಾರು 120 ಚದರ ಕಿಲೋಮೀಟರ್, ಎರಡು ಮೂರು ಪಂಚಾಯತುಗಳಷ್ಟು. ನೋಡಲು ಸೂಕ್ಷ್ಮವಾಗಿ ಕಂಡರೂ ಹಂಚಿಕೆಯ ಸೂಚಕ ಎಷ್ಟು ಸೂಕ್ಷ್ಮವೋ ಅಷ್ಟೇ ಅದರ ಸತ್ಯ. ಒಂದು ಚೌಕಜಾಲದಿಂದ ಇನ್ನೊಂದಕ್ಕೆ ಅಂಕಿಗಳನ್ನು ವರ್ಗಾಯಿಸುವಾಗ ಒಟ್ಟು ತೂಕ ಬದಲಾಗದಂತೆ ನೋಡಿಕೊಳ್ಳುವ ವಿಧಾನವನ್ನೇ ಬಳಸಿ. ಬಿಂದುಗಳ ನಡುವೆ ಸರಾಸರಿ ತೆಗೆಯುವ ಸಾಮಾನ್ಯ ವಿಧಾನ ಕರಾವಳಿಯಲ್ಲಿ ನೆಲದ ಹೊಗೆಯನ್ನು ಕಡಲಿಗೆ ಚೆಲ್ಲುತ್ತದೆ.

ಕಡಲಿನ ಚೌಕದ ಗಂಧಕ ಹಡಗುಗಳದ್ದು. ನವಮಂಗಳೂರು ಬಂದರಿಗೆ ಬಂದು ಹೋಗುವವೂ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಸಾಗುವವೂ ಉರಿಸುವ ತೈಲದಲ್ಲಿ ಗಂಧಕ ಹೆಚ್ಚು. ಆದರೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ನಿಯಮದಂತೆ 2020ರ ಜನವರಿ 1ರಿಂದ ಹಡಗು ಇಂಧನದ ಗಂಧಕದ ಮಿತಿ ಶೇಕಡಾ 3.5ರಿಂದ 0.5ಕ್ಕೆ ಇಳಿದಿದೆ. 2014 ಅಥವಾ 2018ರ ಪಟ್ಟಿಯನ್ನು ಇಂದಿನ ಗಾಳಿಗೆ ಹಚ್ಚಿದರೆ ಆ ಚೌಕದ ಗಂಧಕ ಹಲವು ಪಟ್ಟು ಹೆಚ್ಚಾಗಿ ಕಾಣುವುದು ಖಂಡಿತ, ಮತ್ತು ಹಗಲಿನ ಕಡಲಗಾಳಿ ಅದನ್ನು ನೇರವಾಗಿ ನಿಮ್ಮ ಊರಿನ ಮೇಲೆ ತಂದು ಸುರಿಯುತ್ತದೆ. ವಾಹನಗಳದ್ದೂ ಇದೇ ಪಾಡು: 2020ರ ಏಪ್ರಿಲ್‌ನಿಂದ ಮಾರಾಟವಾದ ಹೊಸ ವಾಹನಗಳು ಬಿಎಸ್ 6 ಮಾನದಂಡದವು, ಹಳೆಯವು ಹಳೆಯ ಮಾನದಂಡದಲ್ಲೇ ಓಡುತ್ತಿವೆ. ಹೆದ್ದಾರಿ 66ರ ಹೊಗೆಯನ್ನು ಪಟ್ಟಿಗಳು ರಸ್ತೆಯ ಜಾಲ ನೋಡಿ ಹಂಚುತ್ತವೆ. ಅಲ್ಲಿ ಎಷ್ಟು ಲಾರಿ ಓಡುತ್ತದೆ ಎಂಬುದನ್ನು ರಸ್ತೆಯ ಗೆರೆ ಹೇಳುವುದಿಲ್ಲ.

ಇನ್ನು ತೋಟದ ಹೊಗೆ. ಈ ಪ್ರಶ್ನೆಯನ್ನು ನಮ್ಮ ಕಡೆಯವರು ಯಾರಾದರೂ ಕೇಳಬೇಕಾಗಿತ್ತು. ಕಾಸರಗೋಡಿನ ಗ್ರಾಮಭಾಗದಲ್ಲಿ ಹೊಗೆ ಹುಟ್ಟುವ ಕ್ರಮವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಣಮಡಲು, ಅಡಿಕೆಯ ಸೋಗೆ, ಗೆರಟೆ, ತೆಂಗಿನ ಸಿಪ್ಪೆ ಬಚ್ಚಲಿನ ಒಲೆಗೆ ಹೋಗುತ್ತವೆ. ತರಗೆಲೆಯನ್ನು ಗುಡಿಸಿ, ಮೇಲೆ ಮಣ್ಣು ಹೊದಿಸಿ, ಒಳಗೊಳಗೇ ಬೇಯುವಂತೆ ಬೆಂಕಿ ಕೊಟ್ಟು ಸುಡುಮಣ್ಣು ಮಾಡುತ್ತಾರೆ. ಕುಂಭ, ಮೀನ ಮಾಸಗಳಲ್ಲಿ ಆರಂಭವಾಗಿ ಮೇ ಕೊನೆಯ ಪತ್ತನಾಜೆಯ ಆಸುಪಾಸಿನಲ್ಲಿ ಮಳೆ ಹಿಡಿಯುವವರೆಗೂ ಇದು ನಡೆಯುತ್ತದೆ. ಮುರಕಲ್ಲಿನ ಬೋಳುಗುಡ್ಡೆಗಳ ಮುಳಿಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಇವು ಮೂರೂ ಮೂರು ಬಗೆಯ ಹೊಗೆ. ಜಾಗತಿಕ ಪಟ್ಟಿಗಳು ಇವುಗಳನ್ನು ಕಾಣುವ ಅಥವಾ ಕಾಣದೆ ಹೋಗುವ ದಾರಿಯೂ ಮೂರು ಬಗೆಯದು.

ಬಚ್ಚಲಿನ ಒಲೆಯದ್ದು ಎಲ್ಲಕ್ಕಿಂತ ಸ್ವಾರಸ್ಯದ ಪ್ರಕರಣ. ಮನೆಬಳಕೆಯ ಸೌದೆಯ ದೇಶಮೊತ್ತವನ್ನು ಪಟ್ಟಿಗಳು ಸಾಮಾನ್ಯವಾಗಿ ಜನಸಂಖ್ಯೆಯ ನಕ್ಷೆಯ ಮೇಲೆ, ಅದರಲ್ಲೂ ಗ್ರಾಮೀಣ ಜನಸಂಖ್ಯೆಗೆ ಒತ್ತುಕೊಟ್ಟು ಹಂಚುತ್ತವೆ. ಗಂಗಾ ಬಯಲಿನಲ್ಲಿ ಈ ಊಹೆಗೆ ಆಧಾರವಿದೆ. ಕೇರಳದಲ್ಲಿ ಅದು ಎಡವುತ್ತದೆ. 2001ರ ಜನಗಣತಿಯಲ್ಲಿ ಶೇಕಡಾ 26ರಷ್ಟಿದ್ದ ಕೇರಳದ ನಗರವಾಸಿಗಳ ಪ್ರಮಾಣ 2011ರಲ್ಲಿ ಶೇಕಡಾ 47.7ಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಅರ್ಧ ಕೇರಳ ಪೇಟೆಗೆ ಗುಳೆ ಹೋಯಿತೆಂದು ಇದರ ಅರ್ಥವಲ್ಲ. 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ಗಂಡಸರ ಮುಖ್ಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಕೃಷಿಯೇತರ ಎಂಬ ಮೂರು ಷರತ್ತುಗಳನ್ನು ಪೂರೈಸಿದ ಗ್ರಾಮಗಳನ್ನು ಜನಗಣತಿ ಪಟ್ಟಣವೆಂದು ಎಣಿಸುತ್ತದೆ. ತೋಟದ ನಡುವೆ ಮನೆ, ಮನೆಯ ಹಿಂದೆ ಸೌದೆಯ ಕೊಟ್ಟಿಗೆ ಇದ್ದರೂ ಮನೆಯ ಯಜಮಾನ ಅಂಗಡಿಯಲ್ಲೋ ಗಲ್ಫಿನ ಹಣದಲ್ಲೋ ಬದುಕುತ್ತಿದ್ದರೆ ಆ ಊರು ಪಟ್ಟಣ. ನಗರವೆಂದರೆ ಗ್ಯಾಸ್, ಗ್ರಾಮವೆಂದರೆ ಸೌದೆ ಎಂಬ ಸೂತ್ರವನ್ನು ಇಂಥ ನಕ್ಷೆಯ ಮೇಲೆ ನಡೆಸಿದರೆ ಕುಂಬಳೆಯಿಂದ ನೀಲೇಶ್ವರದವರೆಗಿನ ಹೊಗೆಯ ಒಂದಂಶ ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಎಲ್ಲಿಗೋ ಹೋಗಿ ಕೂರುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಮನೆಯಲ್ಲಿ ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದೆಂದು ಜನಗಣತಿ ಕೇಳುತ್ತದೆ. ಗ್ಯಾಸ್ ಎಂದು ಉತ್ತರ ಬರುತ್ತದೆ, ಅದು ನಿಜವೂ ಹೌದು. ಆದರೆ ಅದೇ ಮನೆಯಲ್ಲಿ ಸ್ನಾನದ ಹಂಡೆ ಕಾಯುವುದು, ದನಗಳಿಗೆ ಬೇಯಿಸುವುದು, ಸಮಾರಂಭದ ಅಡುಗೆ ಆಗುವುದು ಸೌದೆಯಲ್ಲಿ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆಯೇ ಆ ಹೊಗೆ ಲೆಕ್ಕದಿಂದ ಜಾರುತ್ತದೆ.

ಸುಡುಮಣ್ಣು ಯಾವ ಖಾನೆಗೂ ಸೇರದ ವಸ್ತು. ಅದು ಮನೆಯ ಇಂಧನವಲ್ಲ. ಪೈರಿನ ಉಳಿಕೆಯ ಲೆಕ್ಕ ನಡೆಯುವುದು ಭತ್ತ, ಗೋಧಿ, ಕಬ್ಬು, ಜೋಳದಂಥ ಬೆಳೆಗಳ ಇಳುವರಿಯ ಮೇಲೆ, ತೋಟದ ತರಗೆಲೆಯ ಮೇಲಲ್ಲ. ಕಸ ಸುಡುವ ಲೆಕ್ಕ ಪೇಟೆಯ ತ್ಯಾಜ್ಯದ ಮೇಲೆ ನಿಂತಿದೆ. ಉಳಿದ ದಾರಿ ಉಪಗ್ರಹ, ಅದಕ್ಕೂ ಇದು ಕಾಣದು. ಜಿಎಫ್‌ಇಡಿ ಎಂಬ ಜಾಗತಿಕ ಬೆಂಕಿ ಪಟ್ಟಿಗೆ ಆಧಾರವಾದ ಮೋಡಿಸ್ ಉಪಕರಣದ ಸುಟ್ಟನೆಲದ ನಕ್ಷೆಯಲ್ಲಿ ಒಂದು ಬಿಂದುವೆಂದರೆ 500 ಮೀಟರ್ ಚೌಕ, ಅಂದರೆ 25 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 60 ಎಕರೆಗೂ ಮಿಕ್ಕಿದ್ದು. ಉರಿಯುತ್ತಿರುವ ಬೆಂಕಿಯನ್ನು ಶಾಖದಿಂದ ಗುರುತಿಸುವ ಮೋಡಿಸ್‌ನ ಬಿಂದು 1 ಕಿಲೋಮೀಟರಿನದು, ಅನಂತರ ಬಂದ ವಿಐಐಆರ್‌ಎಸ್‌ನದ್ದು 375 ಮೀಟರಿನದು. ಇವು ಬೆಂಕಿಯ ಪಾಲು ಬಿಂದುವಿಗಿಂತ ಬಹಳ ಚಿಕ್ಕದಿದ್ದರೂ ಶಾಖ ಸಾಕಷ್ಟಿದ್ದರೆ ಹಿಡಿಯುತ್ತವೆ. ಆದರೆ ಮಣ್ಣಿನಡಿ ಬೇಯುವ ರಾಶಿಗೆ ಜ್ವಾಲೆಯಿಲ್ಲ, ಮೇಲೆ ತೆಂಗು ಅಡಿಕೆಗಳ ಚಪ್ಪರವಿದೆ, ಮತ್ತು ನಮ್ಮವರು ಬೆಂಕಿ ಕೊಡುವುದು ಹೆಚ್ಚಾಗಿ ಗಾಳಿ ತಗ್ಗಿದ ಸಂಜೆಯ ಹೊತ್ತಿಗೆ. ವಿಐಐಆರ್‌ಎಸ್ ಹಾದುಹೋಗುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿ ಸುಮಾರು ಒಂದೂವರೆ ಗಂಟೆಗೆ. ಜೀವರಾಶಿ ಉರಿದಾಗಿನ ಗುಣಾಂಕಗಳಿಗೆ ಎಲ್ಲರೂ ಆಧರಿಸುವ 2011ರ ಅಕಾಗಿ ಕೋಷ್ಟಕದಲ್ಲಿ ಸವನ್ನ, ಉಷ್ಣವಲಯದ ಕಾಡು, ಪೈರಿನ ಉಳಿಕೆ, ಪೀಟ್ ಮಣ್ಣು, ತೆರೆದ ಒಲೆ, ಕಸ, ಇದ್ದಿಲು ತಯಾರಿಕೆ ಎಂಬ ವರ್ಗಗಳಿವೆ; ಮಣ್ಣು ಹೊದೆಸಿದ ತರಗೆಲೆಯ ವರ್ಗವಿಲ್ಲ. ಮುಳಿಹುಲ್ಲಿನ ಗುಡ್ಡೆಬೆಂಕಿ ಮಾತ್ರ ಹಗಲಲ್ಲಿ, ಬಯಲಿನಲ್ಲಿ, ಜ್ವಾಲೆಯಾಗಿ ಉರಿಯುವುದರಿಂದ ಉಪಗ್ರಹಕ್ಕೆ ಸಾಮಾನ್ಯವಾಗಿ ಸಿಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ಕಾಣದ್ದನ್ನು ಸೇರಿಸುವ ಉತ್ಸಾಹದಲ್ಲಿ ಇಲ್ಲದ್ದನ್ನು ಸೇರಿಸಬಾರದು. ಮಲೆನಾಡಿನಲ್ಲಿ ಅಡಿಕೆ ಬೇಯಿಸಲು ಸೌದೆ ಉರಿಯುತ್ತದೆ. ಕಾಸರಗೋಡಿನ ಚಾಲಿ ಅಡಿಕೆ ಅಂಗಳದ ಬಿಸಿಲಲ್ಲಿ ಒಣಗುತ್ತದೆ, ಅದಕ್ಕೆ ಹೊಗೆಯಿಲ್ಲ. ಸಾಗರ, ತೀರ್ಥಹಳ್ಳಿಗಳ ಅಂಕಿಯನ್ನು ಇಲ್ಲಿಗೆ ತಂದು ಹಚ್ಚಿದರೆ ತಪ್ಪಾಗುತ್ತದೆ. ಕೊಬ್ಬರಿಯನ್ನು ಮಳೆಗಾಲದಲ್ಲಿ ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸುವುದು ಬೇರೆ ಮಾತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯ ಉದ್ದಕ್ಕೂ ಹಬ್ಬಿ ದಶಕಗಳ ಕಾಲ ಕಾಡಿನ ಸೌದೆಯನ್ನು ಉರಿಸಿತು. 1750ರಿಂದ ಲೆಕ್ಕ ಕೊಡುವ ಸೆಡ್ಸ್‌ನಲ್ಲೂ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಅದು ಬೇಡ, ಇತಿಹಾಸದ ಯಾರಾದರೂ ಎತ್ತಿಕೊಂಡರೆ ಒಳ್ಳೆಯ ವಿಷಯ.

ಗಿಡಮರಗಳೇ ಹೊರಬಿಡುವ ಸಾವಯವ ಅನಿಲಗಳನ್ನೂ ಮರೆಯುವಂತಿಲ್ಲ. ಐಸೊಪ್ರೀನ್ ಒಂದೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಟನ್. ಓಝೋನ್ ಹುಟ್ಟಿನಲ್ಲಿ ಅದರ ಪಾತ್ರ ದೊಡ್ಡದು. ಇದಕ್ಕೆ ಎಲ್ಲರೂ ಬಳಸುವುದು ಮೇಗನ್ ಎಂಬ ಮಾದರಿಯನ್ನು. ಅದು ಸಸ್ಯಗಳನ್ನು ಹದಿನೈದು ಹದಿನಾರು ಸ್ಥೂಲ ವರ್ಗಗಳಲ್ಲಿ ನೋಡುತ್ತದೆ. ಹಾಗಾಗಿ ರಬ್ಬರ್, ಗೇರು, ಅಡಿಕೆ, ತೆಂಗು ಮತ್ತು ಘಟ್ಟದ ಕಾಡು ಎಲ್ಲವೂ ಹೆಚ್ಚುಕಡಿಮೆ ಒಂದೇ ಖಾನೆಗೆ ಬೀಳುತ್ತವೆ. ರಬ್ಬರ್ ಮರ ಐಸೊಪ್ರೀನ್‌ಗಿಂತ ಮಾನೊಟರ್ಪೀನ್‌ಗಳನ್ನು ಹೆಚ್ಚು ಬಿಡುತ್ತದೆಂದು ಅಳತೆಗಳು ತೋರಿಸಿವೆ. ಹೊಸದುರ್ಗ, ವೆಳ್ಳರಿಕುಂಡು ಕಡೆಯ ಗುಡ್ಡಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಪ್ರಬಂಧ ಓಝೋನಿನ ಬಗ್ಗೆ ಇದ್ದರೆ ಇದನ್ನು ಗಮನಿಸಿ. ಬರೀ ಕಣಗಳ ಬಗ್ಗೆ ಇದ್ದರೆ ಬಿಟ್ಟುಬಿಡಬಹುದು.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಹೀಗಿದೆ. ಸುತ್ತಲಿನ ವಿಶಾಲ ಪ್ರದೇಶಕ್ಕೆ, ಅಂದರೆ ಗಾಳಿ ಹೊತ್ತು ತರುವ ಹಿನ್ನೆಲೆಯ ಮಾಲಿನ್ಯಕ್ಕೆ, 2020ರ ಅನಂತರದ ವರ್ಷ ಸೇರಿರುವ ಒಂದೇ ಜಾಗತಿಕ ಪಟ್ಟಿಯನ್ನು ಆರಿಸಿ. ಎರಡು ಪಟ್ಟಿಗಳಿಂದ ಬೇಕಾದ ಅನಿಲಗಳನ್ನು ಆಯ್ದು ಬೆರೆಸಬೇಡಿ. ಭಾರತದ ಮನೆಬಳಕೆಯ ಹೊಗೆಯನ್ನು ದೇಶದೊಳಗಿನ ಅಂಕಿಗಳಿಂದ ಕಟ್ಟಿದ ಪಟ್ಟಿ ಬೇಕಿದ್ದರೆ ಮುಂಬಯಿ ಐಐಟಿಯ ಚಂದ್ರಾ ವೆಂಕಟರಾಮನ್ ಅವರ ತಂಡದ ಕೆಲಸವನ್ನು ನೋಡಿ. ಮನೆಯ ಜೀವರಾಶಿ ಇಂಧನ ದೇಶದ ಕಣಮಾಲಿನ್ಯದ ಬಹುಮುಖ್ಯ ಮೂಲಗಳಲ್ಲಿ ಒಂದೆಂದು 2018ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ತೋರಿಸಿದೆ. ಇದರ ಮೇಲೆ ಬದಿಯಡ್ಕದ ಸುತ್ತಲಿನ ಒಂದೋ ಎರಡೋ ಎಡ್ಗರ್ ಚೌಕಗಳಿಗೆ ಮಾತ್ರ, ಸೌದೆ ಮತ್ತು ಸುಡುಮಣ್ಣು ಎಂಬ ಎರಡು ಮೂಲಗಳಿಗೆ ಮಾತ್ರ, ನಿಮ್ಮದೇ ಲೆಕ್ಕವನ್ನು ಕಟ್ಟಿ. ಇಡೀ ಜಿಲ್ಲೆಯನ್ನು ತಿದ್ದಲು ಹೊರಟರೆ ಪ್ರಬಂಧ ಮುಗಿಯುವುದಿಲ್ಲ.

ಸೌದೆಯ ಲೆಕ್ಕ ಹೀಗೆ ನಡೆಯುತ್ತದೆ. ಒಂದು ಮನೆ ದಿನಕ್ಕೆ 3 ಕಿಲೋ ಸೌದೆ ಉರಿಸುತ್ತದೆ, ಒಂದು ಕಿಲೋದಿಂದ 7 ಗ್ರಾಂ ಪಿಎಂ 2.5 ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಆ ಮನೆಯಿಂದ ಸುಮಾರು 7.7 ಕಿಲೋ. ಅಂಥ 3,000 ಮನೆಗಳಿದ್ದರೆ 23 ಟನ್. ಅದು 100 ಚದರ ಕಿಲೋಮೀಟರಿನಲ್ಲಿ ಹರಡಿದ್ದರೆ, ವರ್ಷದ 3.15 ಕೋಟಿ ಸೆಕೆಂಡುಗಳಿಂದ ಭಾಗಿಸಿದಾಗ, ಮಾದರಿಗೆ ಬೇಕಾದ ಏಕಮಾನದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 7.3 × 10⁻¹² ಕಿಲೋ ಆಗುತ್ತದೆ. ಇಲ್ಲಿನ 3 ಕಿಲೋ ಮತ್ತು 3,000 ಮನೆ ನನ್ನ ಉದಾಹರಣೆಯ ಸಂಖ್ಯೆಗಳಷ್ಟೇ. ಅವುಗಳನ್ನು ನಿಜವಾದ ಸಂಖ್ಯೆಗಳಿಂದ ಬದಲಿಸುವುದೇ ನಿಮ್ಮ ಕೆಲಸ. ಅದಕ್ಕೆ ಎಷ್ಟು ಸೌದೆ ಬೇಕಾಗುತ್ತದೆಂದು ಕೇಳುವುದಕ್ಕಿಂತ, ಬೆಳಿಗ್ಗೆ ಸೌದೆಯನ್ನು ತೂಗಿಟ್ಟು ಮಾರನೆಯ ಬೆಳಿಗ್ಗೆ ಉಳಿದದ್ದನ್ನು ತೂಗುವುದು ಒಳ್ಳೆಯದು. ಅಡುಗೆಯ ಒಲೆಯನ್ನೂ ಬಚ್ಚಲಿನ ಒಲೆಯನ್ನೂ ಬೇರೆಬೇರೆಯಾಗಿ, ಬೇಸಿಗೆಯಲ್ಲಿ ಒಮ್ಮೆ ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ತೂಗಿ. ಒದ್ದೆ ಸೌದೆಯ ತೂಕದಲ್ಲಿ ನೀರೂ ಸೇರಿರುತ್ತದೆ, ಗುಣಾಂಕಗಳು ಒಣ ತೂಕಕ್ಕೆ ಕೊಟ್ಟವು. ಸೌದೆ, ಗೆರಟೆ, ಸೋಗೆಗಳನ್ನು ಒಂದೇ ಹೆಸರಿನಡಿ ಸೇರಿಸಬೇಡಿ. ಸುಡುಮಣ್ಣಿಗೆ ಒಂದು ಎಕರೆ ತೋಟಕ್ಕೆ ಎಷ್ಟು ರಾಶಿ, ಒಂದು ರಾಶಿಯಲ್ಲಿ ಎಷ್ಟು ಒಣ ತರಗೆಲೆ, ಎಷ್ಟು ದಿನ ಬೇಯುತ್ತದೆ ಎಂಬ ಮೂರು ಅಳತೆ ಸಾಕು. ಗುಣಾಂಕಕ್ಕೆ ಒಂದೇ ಸಂಖ್ಯೆಯನ್ನು ಹಾಕದೆ, ಪೈರಿನ ಉಳಿಕೆಯದ್ದು ಮತ್ತು ಕಸದ್ದು ಎರಡನ್ನೂ ಹಾಕಿ ಮಾದರಿಯನ್ನು ಎರಡು ಸಲ ಓಡಿಸಿ, ಉತ್ತರ ಎಷ್ಟು ಬದಲಾಗುತ್ತದೆ ಎಂದು ತೋರಿಸಿ.

ಕಾಲದ ಹಂಚಿಕೆಯನ್ನು ಹೆಚ್ಚಿನವರು ಕಡೆಗಣಿಸುತ್ತಾರೆ, ನನ್ನ ಅಭಿಪ್ರಾಯದಲ್ಲಿ ಮೊತ್ತದಷ್ಟೇ ಅದೂ ಮುಖ್ಯ. ಮನೆಬಳಕೆಯ ಹೊಗೆ ಚಳಿಗಾಲದಲ್ಲಿ ಏರುವಂತೆ ಬರೆದ ಮಾಸಿಕ ಸೂತ್ರಗಳು ಮನೆ ಬೆಚ್ಚಗಿಡುವ ದೇಶಗಳಿಗಾಗಿ ಹುಟ್ಟಿದವು. ನಮ್ಮಲ್ಲಿ ಸುಡುವಿಕೆ ಫೆಬ್ರುವರಿಯಿಂದ ಮೇವರೆಗೆ ಗುಡ್ಡೆಯಂತೆ ಏರಿ ಜೂನ್‌ನಲ್ಲಿ ಕಡಿದು ಬೀಳುತ್ತದೆ. ದಿನದೊಳಗೂ ಹಾಗೆಯೇ: ಸಂಜೆ ಆರರ ಮೇಲೆ ನೆಲಕ್ಕೆ ಹತ್ತಿರದ ಗಾಳಿಯ ಬೆರೆಯುವ ಪದರ ತೆಳುವಾಗುವುದರಿಂದ, ಮಧ್ಯಾಹ್ನ ಬಿಟ್ಟ ಒಂದು ಕಿಲೋ ಹೊಗೆಗಿಂತ ಸಂಜೆ ಬಿಟ್ಟ ಒಂದು ಕಿಲೋ ಮೂಗಿನ ಮಟ್ಟದಲ್ಲಿ ಎಷ್ಟೋ ಪಟ್ಟು ಸಾಂದ್ರವಾಗಿರುತ್ತದೆ. ವರ್ಷದ ಮೊತ್ತವನ್ನು 8,760 ಗಂಟೆಗಳಿಗೆ ಸಮವಾಗಿ ಹಂಚಿದರೆ ಈ ಊರಿನ ಬೇಸಿಗೆಯ ಸಂಜೆ ಮಾದರಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಪರಿಶೀಲನೆಗೆ ಉಪಗ್ರಹದ ನೆರವು ಸೀಮಿತವಾದದ್ದು. 2017ರ ಅಕ್ಟೋಬರ್‌ನಲ್ಲಿ ಹಾರಿದ ಸೆಂಟಿನೆಲ್ 5ಪಿ ಉಪಗ್ರಹದ ಟ್ರೋಪೊಮಿ ಉಪಕರಣ ನೈಟ್ರೋಜನ್ ಡೈಆಕ್ಸೈಡನ್ನು ಈಗ 3.5 × 5.5 ಕಿಲೋಮೀಟರಿನ ಬಿಂದುಗಳಲ್ಲಿ ಅಳೆಯುತ್ತದೆ. ಪಣಂಬೂರು, ಮಂಗಳೂರುಗಳ ಮೂಲಗಳು ಸರಿಯಾದ ಜಾಗದಲ್ಲಿವೆಯೆ ಎಂದು ನೋಡಲು ಒಣಗಾಲದ ಕೆಲವು ತಿಂಗಳ ಸರಾಸರಿ ಉಪಯುಕ್ತ. ಮಳೆಗಾಲದ ಮೋಡದಡಿ ಅದು ಕುರುಡು, ಮತ್ತು ಹೊಗೆಯಾಡುವ ರಾಶಿಯಿಂದ ಈ ಅನಿಲ ಹೆಚ್ಚು ಬರುವುದಿಲ್ಲ. ತೋಟದ ಹೊಗೆಗೆ ಹೋಲಿಕೆ ಬೇಕಾದರೆ ನೆಲದ ಮೇಲೆ ಕಣಗಳನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಗಂಟೆಗಂಟೆಗೆ ಅಳೆಯುವ ಉಪಕರಣವೇ ಬೇಕು. ಕಡಿಮೆ ಬೆಲೆಯ ಸಂವೇದಕವಾದರೆ ಕರಾವಳಿಯ ತೇವಾಂಶಕ್ಕೆ ಹೊಂದಿಸಿಕೊಳ್ಳದೆ ಅದರ ಅಂಕಿಯನ್ನು ಬಳಸಬೇಡಿ. ತೇವ ಹೀರಿ ಉಬ್ಬಿದ ಕಣವನ್ನೂ ಅದು ಹೊಗೆಯೆಂದೇ ಎಣಿಸುತ್ತದೆ. ಹೆದ್ದಾರಿ ಕಾಮಗಾರಿ ಅಥವಾ ಮುರಕಲ್ಲಿನ ಕೋರೆಯ ಸಮೀಪ ಅದನ್ನು ಇಡಬೇಡಿ, ಅಲ್ಲಿಯ ದೂಳು ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಎಂಡೋಸಲ್ಫಾನ್ ಈ ಮೂರರಲ್ಲಿ ಯಾವುದರಲ್ಲೂ ಇಲ್ಲ. ಇವು ಉರಿಯುವಿಕೆ, ಕೈಗಾರಿಕೆ, ದ್ರಾವಕಗಳು, ಪಶುಪಾಲನೆ, ಗೊಬ್ಬರಗಳಿಂದ ಬರುವ ಅನಿಲ ಮತ್ತು ಕಣಗಳ ಪಟ್ಟಿಗಳು. ಕೀಟನಾಶಕಗಳು ಸಿಂಪಡಣೆಯ ಪ್ರಮಾಣದಿಂದಲೂ, ಮಣ್ಣಿನಿಂದ ವರ್ಷಗಟ್ಟಲೆ ಆವಿಯಾಗುವುದರಿಂದಲೂ ಗಾಳಿ ಸೇರುವುದರಿಂದ ಅವುಗಳ ಲೆಕ್ಕದ ವಿಧಾನವೇ ಬೇರೆ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದ ಎಂಡೋಸಲ್ಫಾನ್ ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ವರ್ಗದ್ದು. ಅಂಥವುಗಳಿಗೆ ಗಾಳಿ, ಮಣ್ಣು, ನೀರು ಮೂರನ್ನೂ ಒಟ್ಟಿಗೆ ನೋಡುವ ಮಾದರಿಗಳು ಬೇಕಾಗುತ್ತವೆ. ಇದೇ ಪ್ರಬಂಧದೊಳಗೆ ಅದನ್ನು ಸೇರಿಸುವ ಯೋಚನೆ ಇದ್ದರೆ ಬೇಡವೆಂದೇ ನನ್ನ ಸಲಹೆ.